ಮಗುವಿಗೆ ಒಂದು ಕೆಲಸ ಕೊಡಿ, ಒಂದು ನೋಟ್‌ಬುಕ್ ಕೊಡಿ

ಮೇ ತಿಂಗಳು ಬಂದರೆ ನಮ್ಮ ಕಡೆ ಎರಡೇ ಮಾತು. ಮಳೆ ಯಾವಾಗ ಹಿಡಿಯುತ್ತೆ ಅನ್ನೋದು ಒಂದು. ಮಕ್ಕಳನ್ನು ಯಾವ ಸ್ಕೂಲಿಗೆ ಹಾಕೋದು, ಟ್ಯೂಷನ್‌ಗೆ ಎಲ್ಲಿ ಕಳಿಸೋದು ಅನ್ನೋದು ಇನ್ನೊಂದು. ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ ರಿಟೈರ್ ಆದವಳು. ಈಗ ತೋಟದ ಮನೆಯಲ್ಲಿದ್ದೇನೆ. ಮಳೆ ವಿಷಯ ನನ್ನನ್ನು ಯಾರೂ ಕೇಳೋದಿಲ್ಲ. ಎರಡನೇ ವಿಷಯಕ್ಕೆ ಮಾತ್ರ ಜಗುಲಿಗೆ ಬಂದು ಕೂರುತ್ತಾರೆ. "ಟೀಚರೇ, ಇವನಿಗೆ ಮನೇಲಿ ಏನು ಹೇಳಿಕೊಟ್ಟರೆ ಮುಂದೆ ಬರ್ತಾನೆ?"

ನನ್ನ ಉತ್ತರ ಸುಮಾರು ವರ್ಷದಿಂದ ಒಂದೇ. ಹೇಳಿಕೊಡೋದು ಕಡಿಮೆ ಮಾಡಿ. ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸವನ್ನು ಪೂರ್ತಿ ಅವನ ಕೈಗೆ ಕೊಡಿ. ಅದರ ಲೆಕ್ಕ ಬರೆಯೋಕೆ ಒಂದು ನೋಟ್‌ಬುಕ್ ಕೊಡಿ. ಶಾಲೆಯ ಗಣಿತ, ವಿಜ್ಞಾನ, ಸಮಾಜ ಎಲ್ಲಾ ಆ ನೋಟ್‌ಬುಕ್‌ಗೆ ತಾವಾಗೇ ಬರುತ್ತವೆ. ಹೇಗೆ ಮಾಡೋದು ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ. ಹಾಗಾಗಿ ಬರೆದೇ ಬಿಡೋಣ ಅಂತ ಕೂತಿದ್ದೇನೆ. ನಾಲ್ಕನೇ ಕ್ಲಾಸಿನಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಇದು ಸರಿಹೋಗುತ್ತದೆ.

ಮೊದಲು ಮಗುವನ್ನು ಬಿಟ್ಟು ದೊಡ್ಡವರು ಕೂತುಕೊಳ್ಳಿ. ರಾತ್ರಿ ಊಟ ಆದಮೇಲೆ ಒಂದು ಹಾಳೆ ತಗೊಂಡು, ಹೋದ ವರ್ಷ ಈ ಮನೆಯಲ್ಲಿ ಗೊತ್ತಿಲ್ಲದೆ ಕಷ್ಟಪಟ್ಟ ಸಂಗತಿಗಳನ್ನು ಬರೆಯಿರಿ. ಪಹಣಿ ಓದೋಕೆ ಬರದೆ ಯಾರನ್ನೋ ಕೇಳಿದ್ದು. ಮಂಡಿಯಲ್ಲಿ ಅಡಿಕೆಗೆ ಹಾಕಿದ ಲೆಕ್ಕ ಸರಿಯಾಗಿ ಅರ್ಥವಾಗದೆ ಸುಮ್ನೆ ತಲೆ ಅಲ್ಲಾಡಿಸಿ ಬಂದಿದ್ದು. ಮಾತ್ರೆ ಪಟ್ಟಿಯ ಮೇಲಿನ ತಾರೀಖು ನೋಡದೆ ನುಂಗಿದ್ದು. ಫೋನಿನಲ್ಲಿ ಯಾರೋ ಓಟಿಪಿ ಕೇಳಿದಾಗ ಎದೆ ಹೊಡೆದುಕೊಂಡಿದ್ದು. ಪಂಪ್‌ಸೆಟ್ ಸ್ಟಾರ್ಟರ್ ಟ್ರಿಪ್ ಆದಾಗ ದಿನವಿಡೀ ಕಾದಿದ್ದು. ಹೀಗೆ ಬರೆಯುತ್ತಾ ಹೋದರೆ ಹಾಳೆ ತುಂಬುತ್ತದೆ. ನಮ್ಮ ಪಠ್ಯಪುಸ್ತಕದಲ್ಲಿ ಇದ್ದೂ ನಮ್ಮ ತಲೆಯಲ್ಲಿ ಉಳಿಯದೇ ಹೋದದ್ದು ಎಷ್ಟಿದೆ ಅಂತ ಆಗ ಗೊತ್ತಾಗುತ್ತದೆ. ಶೇಕಡಾವಾರು ನಾವೂ ಓದಿದ್ವಿ ಅಲ್ವಾ? ಆದರೂ ಕಮಿಷನ್ ಲೆಕ್ಕ ಬಂದರೆ ಮಂಡಿಯವರ ಮುಖ ನೋಡುತ್ತೇವೆ.

ಆ ಪಟ್ಟಿಯಲ್ಲಿ ಅಪಾಯದ್ದನ್ನು ಹೊಡೆದು ಹಾಕಿ. ಕರೆಂಟು, ಮರ ಹತ್ತೋದು, ಔಷಧಿ ಹೊಡೆಯೋದು, ಅಡಿಕೆ ಬೇಯಿಸೋ ಹಂಡೆ, ಇವು ಮಕ್ಕಳ ಕೆಲಸ ಅಲ್ಲ. ಕಾನೂನೂ ಹಾಗೇ ಇದೆ. 2016ರ ತಿದ್ದುಪಡಿ ಪ್ರಕಾರ 14 ವರ್ಷದ ಒಳಗಿನ ಮಕ್ಕಳು ಮನೆಯವರಿಗೆ ಸಹಾಯ ಮಾಡಬಹುದು. ಆದರೆ ಅದು ಶಾಲೆ ಮುಗಿದ ಮೇಲೆ ಇಲ್ಲವೇ ರಜೆಯಲ್ಲಿ ಮಾತ್ರ, ಅಪಾಯ ಇಲ್ಲದ ಕೆಲಸಕ್ಕೆ ಮಾತ್ರ. ಉಳಿದದ್ದರಲ್ಲಿ ಮಗುವಿಗೇ ಒಂದನ್ನು ಆರಿಸೋಕೆ ಬಿಡಿ. ಒಂದೇ ಒಂದು. ಎರಡು ಮೂರು ಕೊಡೋಣ ಅನ್ನೋ ಆಸೆ ತಾಯಂದಿರಿಗೆ ಬರುತ್ತದೆ, ತಡೆದುಕೊಳ್ಳಿ.

ಮಳೆ ಅಳೆಯೋದು

ಏನು ಆರಿಸಬೇಕು ಅಂತ ಹೊಳೆಯದಿದ್ದರೆ ಮಳೆಯಿಂದ ಶುರು ಮಾಡಿ. ಮಲೆನಾಡಲ್ಲಿ ಖರ್ಚಿಲ್ಲದೆ ಬೇಕಾದಷ್ಟು ಸಿಗೋದು ಅದೊಂದೇ.

ಮೇಲಿಂದ ಕೆಳಗಿನವರೆಗೂ ಒಂದೇ ಸಮ ಅಗಲ ಇರೋ ಪ್ಲಾಸ್ಟಿಕ್ ಬಾಟಲಿ ಹುಡುಕಿ. ನಡು ಸಣ್ಣ ಇರೋದು ಬೇಡ. ಕತ್ತಿನ ಕೆಳಗೆ, ಬಾಟಲಿ ಪೂರ್ತಿ ಅಗಲ ಆದ ಜಾಗದಲ್ಲಿ ಕತ್ತರಿಸಿ. ಕತ್ತರಿಸಿದ ತುಂಡನ್ನು ತಲೆಕೆಳಗು ಮಾಡಿ ಬಾಟಲಿಯೊಳಗೆ ಕೂರಿಸಿದರೆ ಅದೇ ಆಲಿಕೆ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ. ಅದಕ್ಕೆ ಸಣ್ಣ ಕಲ್ಲು ಹಾಕಿ, ತಳದ ಉಬ್ಬು, ಕಲ್ಲು ಎರಡೂ ಮುಚ್ಚೋವರೆಗೆ ನೀರು ತುಂಬಿ. ಆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು ಸೊನ್ನೆ ಅಂತ ಬರೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ಸ್ಕೇಲಿನ ಒಂದು ಮಿಲಿಮೀಟರ್ ಅಂದರೆ ಒಂದು ಮಿಲಿಮೀಟರ್ ಮಳೆ. ಕಲ್ಲಿನ ಭಾರಕ್ಕೆ ಗಾಳಿಗೂ ಬೀಳೋದಿಲ್ಲ. ಅಂಗಳದ ನಡುವೆ ಇಡಿ. ಮಾಡಿನ ನೀರು, ತೆಂಗಿನ ಗರಿಯ ನೀರು ಬೀಳಬಾರದು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ. ಶಾಲೆಗೆ ಹೊರಡೋ ಮುಂಚೆ ನಮ್ಮ ಮಕ್ಕಳೂ ಅಳೆಯಬಹುದು. ಬಸ್ಸು ಬೇಗ ಇದ್ದರೆ ಏಳೂವರೆಗೆ ಅಳೆಯಿರಿ, ಆದರೆ ದಿನಾ ಅದೇ ಹೊತ್ತು. ಅಳೆದಮೇಲೆ ನೀರನ್ನು ಸೊನ್ನೆ ಗೆರೆಗೆ ತರೋದು ಮರೆಯಬಾರದು. ಇನ್ನು ಜಡಿಮಳೆ ದಿನಗಳಲ್ಲಿ ಚಿಕ್ಕ ಬಾಟಲಿ ತುಂಬಿ ಚೆಲ್ಲಿಬಿಡಬಹುದು. ಸಂಜೆಯೂ ಒಮ್ಮೆ ಅಳೆದು, ಚೆಲ್ಲಿ, ಎರಡನ್ನೂ ಕೂಡಿಸಲಿ.

ನಮ್ಮ ಪಕ್ಕದ ಮನೆಯ ಹುಡುಗಿ ಐದನೇ ಕ್ಲಾಸಿನಲ್ಲಿ ಈ ಕೆಲಸ ಹಿಡಿದಳು. ಮೊದಲ ವಾರವೇ ನೋಟ್‌ಬುಕ್ ತಂದು ಕೇಳಿದಳು. "ಟೀಚರೇ, ಮಳೆ ಬರದಿದ್ದ ದಿನ ಬರೀಬೇಕಾ?" ಬರೀಬೇಕು, ಸೊನ್ನೆ ಅಂತ. "ನಾನು ಅಜ್ಜನ ಮನೆಗೆ ಹೋಗಿದ್ದೆನಲ್ಲ, ಆ ದಿನಕ್ಕೂ ಸೊನ್ನೆ ಹಾಕಲಾ?" ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ. ಮಳೆ ಬಂದಿಲ್ಲ ಅನ್ನೋದು ಬೇರೆ, ನಾನು ನೋಡಿಲ್ಲ ಅನ್ನೋದು ಬೇರೆ. ನೋಡದ ದಿನಕ್ಕೆ ಅಡ್ಡಗೆರೆ ಎಳೆದು "ಮನೆಯಲ್ಲಿ ಇರಲಿಲ್ಲ" ಅಂತ ಬರೆಯಲು ಹೇಳಿದೆ. ಸರಾಸರಿ ತೆಗೆಯುವಾಗ ಸೊನ್ನೆಯ ದಿನ ಲೆಕ್ಕಕ್ಕೆ ಬರುತ್ತದೆ, ಗೆರೆಯ ದಿನ ಬರೋದಿಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಅಷ್ಟು ನೆಟ್ಟಗೆ ಯಾರ ತಲೆಗೂ ಹೋಗಿರಲಿಲ್ಲ.

ಜುಲೈ ಹೊತ್ತಿಗೆ ನೋಟ್‌ಬುಕ್ ತುಂಬಿ ಬರುತ್ತದೆ. ಆಗ ಒಂದೊಂದೇ ಪ್ರಶ್ನೆ ಹಾಕಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ನಮ್ಮ ಮಾಡು 12 ಮೀಟರ್ ಉದ್ದ, 8 ಮೀಟರ್ ಅಗಲ ಅಂತಿಟ್ಟುಕೊಳ್ಳಿ, 96 ಚದರ ಮೀಟರ್ ಆಯ್ತು. ಒಂದು ದಿನ 60 ಮಿಲಿಮೀಟರ್ ಮಳೆ ಬಿದ್ದರೆ ಮಾಡಿನಿಂದ ಇಳಿದ ನೀರು 5,760 ಲೀಟರ್. ಸಾವಿರ ಲೀಟರಿನ ಟ್ಯಾಂಕು ಎಷ್ಟು ತುಂಬುತ್ತೆ? ಹಾಗಾದರೆ ಏಪ್ರಿಲ್‌ನಲ್ಲಿ ಬಾವಿ ಯಾಕೆ ಬತ್ತುತ್ತೆ? ಮೊದಲ ಪ್ರಶ್ನೆಗೆ ಮಗು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಮನೆಯ ದೊಡ್ಡವರೂ ಯೋಚನೆ ಮಾಡಬೇಕಾಗುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗಿರೋ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಯಾಕೆ ಅಂತ ಮಗುವೇ ಮ್ಯಾಪ್ ನೋಡಿ ಹೇಳಲಿ. ಸಮುದ್ರ ಎಲ್ಲಿದೆ, ಘಟ್ಟ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಬೆರಳಿಟ್ಟು ತೋರಿಸಲಿ. ಹಾಗೇ ನೋಟ್‌ಬುಕ್‌ನಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರಕ್ಕೂ ಒಂದು ಸಾಲು ಇರಲಿ. ಜೂನ್ ಮೊದಲ ವಾರ ಕಳೆದಮೇಲೆ ಮೃಗಶಿರ, ಜೂನ್ 21-22ರ ಸುಮಾರಿಗೆ ಆರಿದ್ರ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಅಜ್ಜಂದಿರ ಗಾದೆ ಪ್ರಕಾರ ಆರಿದ್ರ ಮಳೆ ಆರದೆ ಹೊಯ್ಯಬೇಕು. ಹೊಯ್ಯಿತಾ ಇಲ್ಲವಾ ಅನ್ನೋದಕ್ಕೆ ಈಗ ಮನೆಯಲ್ಲಿ ಲೆಕ್ಕ ಇದೆ. ನಮ್ಮ ಹುಡುಗಿ ತನ್ನ ದೊಡ್ಡಪ್ಪನ ಹತ್ತಿರ ಜಗಳಕ್ಕೇ ನಿಂತಳು. ಅವರು ಎಂದಿನಂತೆ "ಈ ಸಲ ಮಳೆನೇ ಇಲ್ಲ" ಅಂದರು. ಇವಳು ನೋಟ್‌ಬುಕ್ ತಂದು ಮುಂದಿಟ್ಟಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಎರಡು ಪುಟ ನೋಡಿ, "ಹೋದ ವರ್ಷದ್ದು ಎಲ್ಲಿದೆ?" ಅಂದರು. ಸರಿಯಾದ ಪ್ರಶ್ನೆಯೇ. ಅದಕ್ಕೇ ಒಂದು ವರ್ಷಕ್ಕೆ ನಿಲ್ಲಿಸಬಾರದು.

ತೋಟದ ಲೆಕ್ಕ

ಮಳೆಯ ನಂತರ ದೊಡ್ಡ ಮಕ್ಕಳಿಗೆ ತೋಟ. ಆರು, ಏಳನೇ ಕ್ಲಾಸಿನವರಿಗೆ ಶೇಕಡಾ ಕಲಿಸೋಕೆ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕಿಂತ ಒಳ್ಳೆ ಪಾಠ ಇಲ್ಲ. ಕೊಳೆ ರೋಗಕ್ಕೆ ಹೊಡೆಯೋ ಶೇಕಡಾ ಒಂದರ ಬೋರ್ಡೋ ಅಂದರೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ನಮ್ಮ ಡ್ರಮ್ಮು 200 ಲೀಟರಿಂದು, ಎಷ್ಟು ಹಾಕಬೇಕು? ಎರಡನೇ ಸಲಕ್ಕೆ ಬರೀ 130 ಲೀಟರ್ ಸಾಕು, ಆಗ ಎಷ್ಟು? ಲೆಕ್ಕ ಮಗು ಮಾಡಲಿ. ತೂಕ ಹಾಕೋದು, ಕದಡೋದು, ಹೊಡೆಯೋದು ದೊಡ್ಡವರದ್ದು. ದೂರದಲ್ಲಿ ನಿಂತು ಒಂದು ಸಂಗತಿ ಮಾತ್ರ ನೋಡಲಿ. ಹದ ಸರಿ ಇದೆಯಾ ಅಂತ ತಿಳಿಯೋಕೆ ಹೊಳೆಯೋ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಕಬ್ಬಿಣದ ಮೇಲೆ ತಾಮ್ರ ಕೂರೋದು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೂ ಇದೆ. ಅಲ್ಲಿ ಅದು ಪ್ರನಾಳದಲ್ಲಿ ಮೊಳೆ ಇಟ್ಟ ಚಿತ್ರ. ಇಲ್ಲಿ ಅಪ್ಪನ ಕೈಯಲ್ಲಿನ ಚಾಕು.

ಕೊಯ್ಲು ಶುರುವಾದಾಗ ಹಸಿ ಅಡಿಕೆ ತೂಕ, ಬೇಯಿಸಿ ಒಣಗಿಸಿದ ಮೇಲಿನ ತೂಕ, ಎರಡನ್ನೂ ಬರೆಸಿ. ನೂರು ಕೆ.ಜಿ. ಹಸಿಗೆ ಇಷ್ಟು ಒಣ ಅಂತ ಎಲ್ಲರೂ ಬಾಯಲ್ಲಿ ಒಂದು ಅಂದಾಜು ಹೇಳುತ್ತಾರೆ. ನಿಮ್ಮ ತೋಟದ್ದು ಎಷ್ಟು ಅಂತ ನಿಮ್ಮ ಮಗು ಹೇಳಲಿ. ಆಮೇಲೆ ಪೇಪರಿನಲ್ಲಿ ಬರೋ ಶಿವಮೊಗ್ಗ ಮಾರುಕಟ್ಟೆ ಧಾರಣೆ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಅಂತ ಬೇರೆ ಬೇರೆ ಸಾಲು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ. ಮೂರು ಕ್ವಿಂಟಾಲ್ ರಾಶಿ, ಒಂದು ಕ್ವಿಂಟಾಲ್ ಗೊರಬಲು ಮಾರಿದರೆ ಕ್ವಿಂಟಾಲಿಗೆ ಸರಾಸರಿ ಎಷ್ಟು ಬಿತ್ತು? ಎರಡು ದರ ಕೂಡಿಸಿ ಎರಡರಿಂದ ಭಾಗಿಸೋ ಮಗುವಿಗೆ ತಪ್ಪು ಅಂತ ಹೇಳಬೇಡಿ. ಮಂಡಿಯಿಂದ ಲೆಕ್ಕದ ಪಟ್ಟಿ ಬಂದಾಗ ಒಟ್ಟು ದುಡ್ಡಿನ ಜೊತೆ ತಾಳೆ ನೋಡಲಿ, ತಾನೇ ತಲೆ ಕೆರೆದುಕೊಳ್ಳುತ್ತದೆ. ಗೊರಬಲಿಗೆ ಯಾಕೆ ಕಡಿಮೆ ಅಂತ ಕೇಳಿದರೆ ಸುಲಿಯೋರ ಹತ್ತಿರ ಕಳಿಸಿ. ಅವರಿಗೆ ಗೊತ್ತಿರೋದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ತೋಟ ಇಲ್ಲದ ಮನೆಯವರು ಬೇಜಾರು ಮಾಡಿಕೊಳ್ಳಬೇಡಿ. ಕರೆಂಟ್ ಬಿಲ್, ಹಾಲಿನ ಡೈರಿಯ ಕಾರ್ಡು, ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್, ರೇಷನ್ನಿನ ತೂಕ, ಇವೂ ಅಷ್ಟೇ ಒಳ್ಳೆ ಪಾಠ. ಸಂಘದ ಸಾಲದ ಬಡ್ಡಿ ಲೆಕ್ಕವನ್ನು ಒಬ್ಬ ಏಳನೇ ಕ್ಲಾಸಿನ ಹುಡುಗ ಅವನಮ್ಮನಿಗೆ ಬಿಡಿಸಿ ಹೇಳಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಆಕೆ ಮೀಟಿಂಗಿನಲ್ಲಿ ಹಿಂದಿನ ಸಾಲು ಬಿಟ್ಟು ಮುಂದೆ ಕೂರೋಕೆ ಶುರು ಮಾಡಿದರು.

ಆಯ್ಕೆಗೆ ಬಿಡದ ಪಾಠಗಳು

ಕೆಲವನ್ನು ಮಗು ಆರಿಸಲಿ ಅಂತ ಬಿಡೋ ಹಾಗಿಲ್ಲ. ಮಲೆನಾಡಲ್ಲಿ ಬದುಕೋ ಪ್ರತಿ ಮಗುವಿಗೂ ಅವು ಬೇಕು.

ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ಹೆಸರೇ ಇದೆ. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು? ಉಣುಗು ಕಚ್ಚಿ ಬರೋ ಜ್ವರ ಅದು. ಮಳೆ ನಿಂತಮೇಲೆ ಬೇಸಿಗೆ ಮುಗಿಯೋವರೆಗೆ ಜಾಸ್ತಿ. ಕಾಡಿಗೆ, ದರಗು (ಒಣಗಿದ ಎಲೆ) ತರೋಕೆ ಹೋಗುವಾಗ ಮೈ ತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡೋ ಎಣ್ಣೆ, ಬಂದಮೇಲೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಕೋಲಿಂದಲೂ ಮುಟ್ಟಬಾರದು, ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ಹೇಳಬೇಕು. ಹಾವು ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಹಾವಿನ ವಿಷಕ್ಕೆ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿದೆ ಅಂತ ಮಳೆಗಾಲಕ್ಕೆ ಮುಂಚೆ ವಿಚಾರಿಸಿಟ್ಟುಕೊಳ್ಳಿ. ತಂತಿ ಕಡಿದು ಬಿದ್ದಿದ್ದರೆ ದೂರ ನಿಂತು ಕರೆಂಟ್ ಕಂಪನಿ ಮೆಸ್ಕಾಂನ 1912ಕ್ಕೆ ಫೋನು.

ಇದನ್ನೆಲ್ಲ ಬಾಯಿಪಾಠ ಮಾಡಿಸಿದರೆ ಸಾಲದು, ಅಭ್ಯಾಸ ಮಾಡಿಸಬೇಕು. ನಾನು ಮಾಡಿಸೋದು ಹೀಗೆ. ನಾನು 108ರ ಆಂಬುಲೆನ್ಸಿನವಳು, ಮಗು ಮನೆಯಿಂದ ಫೋನ್ ಮಾಡಬೇಕು. "ಎಲ್ಲಿಗೆ ಬರಬೇಕಮ್ಮಾ?" ಹೆಚ್ಚಿನ ಮಕ್ಕಳು "ನಮ್ಮನೆಗೆ" ಅನ್ನುತ್ತಾರೆ. ಯಾವ ನಮ್ಮನೆ? ತಾಲ್ಲೂಕು, ಪಂಚಾಯ್ತಿ, ಟಾರು ರಸ್ತೆ ಬಿಡೋ ಜಾಗ, ಹಳ್ಳ ದಾಟೋ ಕಾಲುಸಂಕ, ಗಾಡಿ ಎಲ್ಲಿವರೆಗೆ ಬರುತ್ತೆ, ಅಲ್ಲಿ ಟಾರ್ಚ್ ಹಿಡಿದು ಯಾರು ನಿಂತಿರುತ್ತಾರೆ. ಇಷ್ಟನ್ನು ಅರ್ಧ ನಿಮಿಷದಲ್ಲಿ ಹೇಳೋಕೆ ಬರಬೇಕು. ಫೋನಿಗೆ ಸಿಗ್ನಲ್ ಸಿಗೋ ಜಾಗ ಯಾವುದು ಅನ್ನೋದೂ ಪಾಠದಲ್ಲಿ ಸೇರಿದೆ. ನಮ್ಮನೆಯಲ್ಲಿ ಅದು ಕೊಟ್ಟಿಗೆ ಹಿಂದಿನ ದಿಬ್ಬ.

ಅಡುಗೆಯೂ ಇದೇ ಸಾಲಿನದು. ಗಂಜಿ, ಒಂದೆಲಗದ ತಂಬುಳಿ, ಒಂದು ಸಾರು, ಹತ್ತು ವರ್ಷ ದಾಟಿದ ಹುಡುಗರಿಗೂ ಬರಬೇಕು. ಹುಡುಗಿಯರಿಗೆ ಪಾತ್ರೆ, ಹುಡುಗರಿಗೆ ಟ್ಯೂಷನ್ ಅನ್ನೋ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಮಾತಿಗೆ ಅವರು ನಗುತ್ತಾರೆ. ನಗಲಿ.

ಇತಿಹಾಸಕ್ಕೆ ಅಳತೆ, ಅಣೆಕಟ್ಟಿಗೆ ಪೇಪರು

ಅಟ್ಟದ ಮೇಲೆ ಹಳೇ ಕೊಳಗ ಇದ್ದರೆ ಇಳಿಸಿ. ಪಕ್ಕದ ಮನೆಯದ್ದನ್ನೂ ತರಿಸಿ. ಎರಡಕ್ಕೂ ಅಕ್ಕಿ ತುಂಬಿ ತಕ್ಕಡಿಯಲ್ಲಿ ತೂಗಲಿ. ವ್ಯತ್ಯಾಸ ಬಂದೇ ಬರುತ್ತದೆ. ಒಂದು ಕೊಳಗ ಇನ್ನೊಂದಕ್ಕಿಂತ ಹತ್ತರಲ್ಲಿ ಒಂದು ಪಾಲು ದೊಡ್ಡದಿದ್ದರೆ, ನೂರು ಕೊಳಗ ಗೇಣಿ ಅಳೆಯುವಾಗ ಎಷ್ಟು ಭತ್ತ ಹೆಚ್ಚಿಗೆ ಹೋಯಿತು? ಈ ಲೆಕ್ಕ ಆದಮೇಲೆ ಸಾಗರ ತಾಲ್ಲೂಕಿನ ಕಾಗೋಡಿನ ಕಥೆ ಹೇಳಿ. 1951ರ ರೈತ ಸತ್ಯಾಗ್ರಹದ ಹಿಂದೆ ಗೇಣಿ ಅಳೆಯೋ ಕೊಳಗದ ಗಾತ್ರದ ಜಗಳವೂ ಇತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನವಾಗಿದ್ದು, ಶಾಂತವೇರಿ ಗೋಪಾಲಗೌಡರು ಅದರಿಂದ ಬೆಳೆದಿದ್ದು, 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಜಮೀನು ಸಿಕ್ಕಿದ್ದು, ಎಲ್ಲಾ ಆಮೇಲೆ ತಾನಾಗೇ ಬರುತ್ತದೆ. ನಿಮ್ಮ ಮನೆ ಆ ಜಗಳದ ಯಾವ ಕಡೆ ಇತ್ತು ಅಂತ ಮಗು ಕೇಳಬಹುದು. ಇದ್ದದ್ದು ಇದ್ದ ಹಾಗೆ ಹೇಳಿ.

ಮಳೆಗಾಲದಲ್ಲಿ ಪೇಪರಿನವರು ಅಣೆಕಟ್ಟಿನ ನೀರಿನ ಮಟ್ಟ ಹಾಕುತ್ತಾರೆ. ಲಿಂಗನಮಕ್ಕಿ ಗರಿಷ್ಠ 1,819 ಅಡಿ, ಭದ್ರಾ 186 ಅಡಿ. ಹಾಗಾದರೆ ಲಿಂಗನಮಕ್ಕಿ ಭದ್ರಾಕ್ಕಿಂತ ಹತ್ತು ಪಾಲು ಎತ್ತರವಾ? ಈ ಪ್ರಶ್ನೆ ಹಾಕಿ ಎರಡು ದಿನ ಸುಮ್ಮನಿರಿ. ಲಿಂಗನಮಕ್ಕಿ ಕಟ್ಟೆಯ ಎತ್ತರ ಬರೀ 200 ಅಡಿ ಆಸುಪಾಸು. ಅದರ ನೀರನ್ನು ಸಮುದ್ರ ಮಟ್ಟದಿಂದ ಲೆಕ್ಕ ಹಾಕುತ್ತಾರೆ, ಭದ್ರಾದ್ದನ್ನು ಹಾಗಲ್ಲ. ಅಂಕಿ ಕಂಡ ಕೂಡಲೇ ಎಲ್ಲಿಂದ ಅಳೆದಿದ್ದು ಅಂತ ಕೇಳೋದು ಮಗುವಿಗೆ ಆಗ ರೂಢಿಯಾಗುತ್ತದೆ.

ಲಿಂಗನಮಕ್ಕಿ ಕಟ್ಟೆ 1964ರಲ್ಲಿ ಆಯಿತು. ಮುಳುಗಡೆಯಿಂದ ಎದ್ದು ಬಂದ ಮನೆತನಗಳು ಜಿಲ್ಲೆಯ ಎಲ್ಲಾ ಕಡೆ ಇವೆ. ಆಗ ಮಕ್ಕಳಾಗಿದ್ದವರು ಈಗ ಅಜ್ಜ ಅಜ್ಜಿಯರು. ಮಗುವನ್ನು ಅವರ ಹತ್ತಿರ ಕಳಿಸುವಾಗ "ಹೇಗನ್ನಿಸಿತು" ಅನ್ನೋ ಪ್ರಶ್ನೆ ಕೊಟ್ಟು ಕಳಿಸಬೇಡಿ. ಅದಕ್ಕೆ "ಏನು ಮಾಡೋದು ಮಗಾ, ಆಗಿಹೋಯ್ತು" ಅನ್ನೋ ಉತ್ತರವಷ್ಟೇ ಬರುತ್ತದೆ. ವಸ್ತುಗಳನ್ನು ಕೇಳಲಿ. ಬರುವಾಗ ಏನೇನು ತಂದಿರಿ? ಬಾಗಿಲು ಕಂಬ ಕಿತ್ತು ತಂದಿರಾ? ದನಗಳನ್ನು ಎಲ್ಲಿವರೆಗೆ ಹೊಡೆದುಕೊಂಡು ಬಂದಿರಿ? ಶಾಲೆ ಎಲ್ಲಿತ್ತು? ಪರಿಹಾರ ಎಷ್ಟು ಸಿಕ್ಕಿತು, ಹಕ್ಕುಪತ್ರ ಆಯಿತಾ? ಮಾತು ಮುಗಿಯೋಕೆ ಸಂಜೆಯಾಗುತ್ತದೆ. ಬರೆದುಕೊಂಡು ಬಂದದ್ದನ್ನು ಅವರಿಗೇ ಒಮ್ಮೆ ಓದಿ ಹೇಳಲಿ. ಅವರು ತಿದ್ದುತ್ತಾರೆ.

ಸಮಯ ಎಲ್ಲಿಂದ ತರೋದು

ಇದಕ್ಕೆಲ್ಲ ಹೊತ್ತೆಲ್ಲಿ ಅಂತ ಕೇಳುತ್ತೀರಿ. ಏಳನೇ ಕ್ಲಾಸಿನ ಒಳಗಿನ ಮಕ್ಕಳ ಟ್ಯೂಷನ್ ಬಿಡಿಸಿ. ಪಾಠದ ಪ್ರಶ್ನೋತ್ತರವನ್ನು ಮೂರು ಮೂರು ಸಲ ನಕಲು ಮಾಡಿಸೋದನ್ನು ಬಿಡಿಸಿ. ಶಾಲೆಯಲ್ಲಿ ಕೊಟ್ಟಿದ್ದರೆ ಹೋಗಿ ಮೇಷ್ಟ್ರ ಹತ್ತಿರ ನಯವಾಗಿ ಮಾತಾಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಆರರಿಂದ ಎಂಟನೇ ಕ್ಲಾಸಿನವರಿಗೆ ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕಸುಬು ಕಲಿಯೋ ಮಾತಿದೆ. ಶಾಲೆಯ ಎಸ್‌ಡಿಎಂಸಿ (ಪೋಷಕರಿರೋ ಶಾಲಾ ಸಮಿತಿ) ಸಭೆಯಲ್ಲಿ ಅದನ್ನು ಎತ್ತಿ. ಎಸ್ಸೆಸ್ಸೆಲ್ಸಿಯ 625ರ ಚಿಂತೆ ಐದನೇ ಕ್ಲಾಸಿಗೆ ಬೇಡ.

ಓದೋದನ್ನು ಮಾತ್ರ ಬಿಡಬೇಡಿ. ಪಂಚಾಯ್ತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಇದೆ. ರಾತ್ರಿ ಹದಿನೈದು ನಿಮಿಷ ಮಗು ಗಟ್ಟಿಯಾಗಿ ಓದಲಿ, ಮನೆಯವರು ಅಡಿಕೆ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಕೇಳಲಿ. ಇಂಗ್ಲಿಷಿಗೆ ಔಷಧಿ ಡಬ್ಬಿ, ಗೊಬ್ಬರದ ಚೀಲ, ಬ್ಯಾಂಕಿನ ಮೆಸೇಜು ಓದಿ ಕನ್ನಡದಲ್ಲಿ ಹೇಳೋ ಕೆಲಸ ಕೊಡಿ. "ಊರಲ್ಲೇ ಉಳಿಸೋಕೆ ಇದೆಲ್ಲಾ ಮಾಡ್ತೀರಾ?" ಅಂತ ಒಬ್ಬರು ನನ್ನನ್ನು ಚುಚ್ಚಿದರು. ಇಲ್ಲಪ್ಪ. ಬೆಂಗಳೂರಿಗೆ ಹೋಗೋ ಮಗುವಿಗೂ ನೋಡದ ದಿನಕ್ಕೆ ಸೊನ್ನೆ ಹಾಕಬಾರದು ಅಂತ ಗೊತ್ತಿರಬೇಕು.

ಕೊನೆಗೆ ನೋಟ್‌ಬುಕ್ ಮನೆಯಿಂದ ಹೊರಗೆ ಹೋಗಬೇಕು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ, ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಇರುತ್ತದೆ. ಹೆಚ್ಚಿನ ಕಡೆ ಹಾಡು, ಭಾಷಣ, ಬಿಸ್ಕತ್ತಿಗೆ ಮುಗಿಯುತ್ತದೆ. ನಿಮ್ಮ ಮಗು ಲೆಕ್ಕ ತಗೊಂಡು ಹೋಗಲಿ. ಹಳ್ಳದ ಕಾಲುಸಂಕ ಮುಳುಗಿ ಶಾಲೆ ತಪ್ಪಿದ ದಿನಗಳು ಯಾವುವು, ಆ ದಿನ ಮಳೆ ಎಷ್ಟು ಬಿದ್ದಿತ್ತು, ಆ ದಾರಿಯಲ್ಲಿ ಎಷ್ಟು ಮಕ್ಕಳು ಓಡಾಡುತ್ತಾರೆ, ಇಷ್ಟನ್ನು ಒಂದು ಪುಟದಲ್ಲಿ ಬರೆಸಿ. ಮೇಲೆ ತಾರೀಖು, ಯಾರಿಗೆ, ವಿಷಯ. ಕೆಳಗೆ ಮಕ್ಕಳದೇ ಸಹಿ. ಎರಡು ಪ್ರತಿ ಮಾಡಿಸಿ. ಒಂದನ್ನು ಪಂಚಾಯ್ತಿಯ ಅಧಿಕಾರಿ ಪಿಡಿಓಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬರೋದನ್ನು ಮಗುವೇ ಮಾಡಲಿ. "ಆಮೇಲೆ ಬಾ" ಅಂದರೆ ಅಲ್ಲೇ ಬೆಂಚಿನ ಮೇಲೆ ಕೂರೋಕೆ ಹೇಳಿಕೊಡಿ.